ಏಣಿಯ ಮೇಲೆ ನನ್ನ ಕೈ ಹಿಡಿದ ಕೋಡಿಯಮ್ಮ

ಕಳೆದ ಆಷಾಢದ ಕೊನೆಯ ಗುರುವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅಜ್ಜಂಪುರದ ಒಂದು ಸಮುದಾಯ ಭವನದಲ್ಲಿ ನನಗೆ ಕೆಲಸ ಕಲಿಸುತ್ತಿದ್ದ ಮಹಬೂಬಣ್ಣನಿಗೆ ಕರೆಂಟ್ ಹೊಡೆಯಿತು. ನನ್ನ ಕಣ್ಣೆದುರಿಗೇ ಅವರು ಏಣಿಯ ಮೇಲಿಂದ ಬಿದ್ದರು. ಆ ದಿನ ಮೇನ್ ಸ್ವಿಚ್ ಆಫ್ ಮಾಡುವ ಕೆಲಸ ನನ್ನದಾಗಿತ್ತು.

ಕೋಡಿಯಮ್ಮನ ಒಕ್ಕಲಿನವರಿಗೆಲ್ಲ ನನ್ನ ಶರಣು. ನಮ್ಮೂರ ಕೆರೆ ಕೋಡಿಯ ಹತ್ತಿರ ಕೂತಿರುವ ಆ ತಾಯಿ ನನಗೆ ಏನು ಮಾಡಿದಳು ಅಂತ ಬರೆಯುವುದಕ್ಕೆ ಕೂತಿದ್ದೇನೆ. ಬರವಣಿಗೆ ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಹೆಸರು ಶೋಭಾ. ಊರು ಯಗಟಿ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪ ಕುರಿ ಸಾಕಿಕೊಂಡಿದ್ದಾರೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ತೆಗೆದುಕೊಂಡಾಗ ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ ಹುಡುಗಿ. ಪಾಸಾಗುವುದೇನೋ ಪಾಸಾದೆ, ಆದರೆ ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುವವರು ಸಿಗಲಿಲ್ಲ. ಹೋದಲ್ಲೆಲ್ಲ ಒಂದೇ ಮಾತು: "ಹೆಣ್ಮಗೂನ ಏಣಿ ಹತ್ತಿಸಿ ಹೆಚ್ಚುಕಮ್ಮಿ ಆದ್ರೆ ಯಾರ್ರೀ ಜವಾಬ್ದಾರಿ?" ಕೊನೆಗೆ ಕಡೂರಿನ ಒಬ್ಬ ಕಂಟ್ರಾಕ್ಟರ್ ಹತ್ತಿರ ಹೋದಾಗ ಅವರೂ ತಲೆ ಅಲ್ಲಾಡಿಸುತ್ತಿದ್ದರು. ಅಲ್ಲೇ ಕೂತು ಫ್ಯಾನಿಗೆ ಕಂಡೆನ್ಸರ್ ಹಾಕುತ್ತಿದ್ದ ಅವರ ಹಿರಿಯ ಮೇಸ್ತ್ರಿ ತಲೆ ಎತ್ತಿ, "ನಂಜೊತೆ ಬಿಡಿ ಸಾರ್, ನಾನು ಕಲಿಸ್ತೀನಿ" ಅಂದರು. ಅವರೇ ಮಹಬೂಬಣ್ಣ. ನನ್ನ ಅಪ್ಪನ ವಯಸ್ಸಿನವರು. ಮನೆಯಲ್ಲಿ ಅವರೂ ಅವರ ಹೆಂಡತಿ ಶಮೀಮಕ್ಕನೂ ಇಬ್ಬರೇ.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಪೈಪು ಹೂಳುವುದಕ್ಕೆ ಗೋಡೆ ಕೊರೆಯುವ ಕೆಲಸ. ಸಂಜೆ ಬಸ್ಸು ಹತ್ತಿದರೆ ಕಂಡಕ್ಟರ್ ನನ್ನ ತಲೆಯ ಮೇಲಿನ ಸಿಮೆಂಟು ಧೂಳು ನೋಡಿ ನಗುತ್ತಿದ್ದ. ಆಮೇಲೆ ಪೈಪಿನೊಳಗೆ ವೈರ್ ಎಳೆಯುವುದು ಕಲಿಸಿದರು. ವೈರಿನ ಮೇಲಿನ ಸಿಪ್ಪೆ ತೆಗೆಯುವಾಗ ಒಳಗಿನ ತಾಮ್ರಕ್ಕೆ ಬ್ಲೇಡು ತಾಗಿದರೆ, "ಅದೂ ಚರ್ಮಾನೇ ಕಣವ್ವ, ಮೆಲ್ಲಗೆ" ಅನ್ನುತ್ತಿದ್ದರು. ಬೈದದ್ದು ಒಂದೇ ವಿಷಯಕ್ಕೆ. ಒಂದು ದಿನ ಅವರು ಆಫ್ ಮಾಡಿದ್ದೀನಿ ಅಂದರು ಅಂತ ನಾನು ನೇರವಾಗಿ ವೈರಿಗೆ ಕೈ ಹಾಕಲು ಹೋದೆ. ಕೈ ಹಿಡಿದು ನಿಲ್ಲಿಸಿದರು. "ಯಾರು ಆಫ್ ಅಂದ್ರೂ ನಂಬ್ಬೇಡ. ನಾನಂದ್ರೂ ನಂಬ್ಬೇಡ. ಟೆಸ್ಟರ್ ಇಟ್ಟು ನೋಡು."

ಅಜ್ಜಂಪುರದ ಆ ಭವನದಲ್ಲಿ ಶ್ರಾವಣದ ಮದುವೆಗಳು ಶುರುವಾಗುವುದರೊಳಗೆ ಹಳೇ ಫ್ಯಾನುಗಳನ್ನು ಇಳಿಸಿ ಹೊಸದು ಹಾಕಬೇಕಾಗಿತ್ತು. ಆ ಗುರುವಾರ ಬೆಳಗ್ಗೆ ಐದು ಫ್ಯಾನು ಆಗಿದ್ದವು. ಐದನೆಯದು ತಿರುಗುತ್ತದಾ ಅಂತ ನೋಡಲು ಮೇನ್ ಆನ್ ಮಾಡಿ, ಹಾಗೇ ಟೀ ಕುಡಿಯಲು ಹೊರಗೆ ಹೋಗಿದ್ದೆವು. ವಾಪಸ್ಸು ಬಂದಾಗ ಅವರು ಏಣಿ ಹತ್ತುತ್ತಾ, "ಶೋಭಾ, ಮೇನ್ ತೆಗಿ" ಅಂದರು. ನಾನು ಬೋರ್ಡಿನ ಹತ್ತಿರ ಹೋಗಿ ಹಿಡಿ ಕೆಳಗಿಳಿಸಿದೆ. "ಆಫ್ ಅಣ್ಣ" ಅಂತ ಕೂಗಿದೆ. ಅವರು ಟೆಸ್ಟರ್ ಇಟ್ಟು ನೋಡಿದ್ದೂ ನನಗೆ ಕಾಣಿಸಿತು. ಮೊದಲು ಕೆಂಪು ವೈರ್ ಬಿಚ್ಚಿದರು. ಆಮೇಲೆ ಕಪ್ಪು ವೈರಿನ ಗಂಟು ಬಿಚ್ಚುತ್ತಾ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಮೈ ಸೆಟೆದುಕೊಂಡಿತು. ಏಣಿ ವಾಲಿತು.

ಐಟಿಐನಲ್ಲಿ ಕರೆಂಟ್ ಹೊಡೆದವರಿಗೆ ಏನು ಮಾಡಬೇಕು ಅನ್ನುವ ಚಿತ್ರಪಟ ಗೋಡೆಗೆ ನೇತುಹಾಕಿರುತ್ತಾರೆ. ಎರಡು ವರ್ಷ ಅದರ ಎದುರಿಗೇ ಕೂತಿದ್ದೆ. ಆ ಗಳಿಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕೈಯಲ್ಲಿದ್ದ ಹೊಸ ಫ್ಯಾನಿನ ರೆಕ್ಕೆ ಹಿಡಿದುಕೊಂಡೇ ನಿಂತಿದ್ದೆ. ಜನ ಓಡಿ ಬಂದರು. "ಮೇನ್ ತೆಗೀರೋ, ಮೇನ್!" ಅಂತ ಯಾರೋ ಕೂಗಿದರು. ಅವರನ್ನು ಎತ್ತಿ ಒಂದು ಕಾರಿನಲ್ಲಿ ಮಲಗಿಸಿ ತರೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಉಸಿರಿತ್ತು, ಅಷ್ಟೇ. ತರೀಕೆರೆಯ ಡಾಕ್ಟರು ನೋಡಿ, ತಲೆಗೆ ಪೆಟ್ಟು ಬಿದ್ದಿದೆ, ಇಲ್ಲಿ ಆಗಲ್ಲ ಅಂತ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು.

ಸಂಜೆ ಕಂಟ್ರಾಕ್ಟರ್ ಭವನಕ್ಕೆ ಹೋಗಿ ನೋಡಿ ಬಂದರಂತೆ. ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮೇನ್ ಆನ್ ಇದೆಯಲ್ಲಮ್ಮ" ಅಂದರು.

"ನಾನು ಆಫ್ ಮಾಡಿದ್ದೆ ಸಾರ್."

"ನಾನೇ ಕಣ್ಣಾರೆ ನೋಡಿ ಬಂದೆ. ಹಿಡಿ ಮೇಲಿದೆ. ಆಫ್ ಮಾಡಿದ್ರೆ ಅವನಿಗೆ ಹೆಂಗೆ ಹೊಡೀತು ಹೇಳು?"

ಈ ಮಾತು ಶಮೀಮಕ್ಕನ ಕಿವಿಗೂ ಬಿತ್ತು. ನನಗೆ ವಾರಕ್ಕೆರಡು ದಿನ ಡಬ್ಬಿಯಲ್ಲಿ ಊಟ ಕಳಿಸುತ್ತಿದ್ದ ಹೆಂಗಸು ಅವರು. ಎರಡನೇ ದಿನ ನಾನು ಐಸಿಯು ಬಾಗಿಲಲ್ಲಿ ನಿಂತಿದ್ದಾಗ ಎದ್ದು ಬಂದರು. ಕೂಗಾಡಲಿಲ್ಲ. "ನಿನ್ನ ಕೈಗೆ ಅವರ ಜೀವ ಕೊಟ್ಟು ಏಣಿ ಹತ್ತಿದ್ರಲ್ಲ. ಹೋಗು. ನನ್ನ ಕಣ್ಣೆದ್ರಿಗೆ ನಿಲ್ಬೇಡ" ಅಂದರು. ನಾನು ಮೆಟ್ಟಿಲಿಳಿದು ಬಂದೆ. ಗೇಟಿನ ಹತ್ತಿರದ ಎಳನೀರು ಗಾಡಿಯ ಪಕ್ಕ ಕೂತು ಸಂಜೆ ತನಕ ಆ ಮೂರನೇ ಮಹಡಿಯ ಕಿಟಕಿ ನೋಡಿದೆ.

ಮನೆಗೆ ಬಂದ ಮೇಲೆ ಶುರುವಾದದ್ದು ಅದಕ್ಕಿಂತ ದೊಡ್ಡ ಕಷ್ಟ. ನನಗೆ ನನ್ನ ಮೇಲೇ ಅನುಮಾನ ಬಂತು. ಆ ಬೆಳಗ್ಗೆ ಆರು ಸಲ ಮೇನ್ ತೆಗೆದು ಹಾಕಿದ್ದೆ. ಹಿಡಿ ಇಳಿಸಿದ್ದು ನೆನಪಿದೆ, ಆದರೆ ಅದು ಆರನೇ ಸಲದ್ದೋ ಐದನೇ ಸಲದ್ದೋ? "ಆಫ್ ಅಣ್ಣ" ಅಂದದ್ದು ಯಾವಾಗ? ಅವರು ಟೆಸ್ಟರ್ ಇಟ್ಟದ್ದು ಕಂಡೆ ಅಂತೀನಲ್ಲ, ಅದು ಬೇರೆ ಫ್ಯಾನಿನದ್ದಿರಬಹುದಲ್ಲ? ನೆನೆಸಿಕೊಂಡಷ್ಟೂ ಎಲ್ಲ ಕಲಸಿಹೋಯಿತು. ಅವ್ವ ಲೈಟ್ ಹಾಕು ಅಂದರೆ ಸುಮ್ಮನೆ ಹೊರಗೆ ಎದ್ದು ಹೋಗುತ್ತಿದ್ದೆ.

ಅಮ್ಮನ ಗುಡಿಗೆ ಹೋದೆ. ಆಗ ನಾನು ಕೇಳಿಕೊಂಡದ್ದು ಒಂದೇ: "ತಾಯಿ, ನಾನು ಮಾಡಿದ್ದಲ್ಲ ಅಂತ ತೋರಿಸಿಕೊಡು." ಪೂಜಾರಪ್ಪನಿಗೆ ಹೇಳಿ ಹೂವಿನ ಪ್ರಸಾದ ಕೇಳಿಸಿದೆ. ಹೂವು ಹೌದು ಅನ್ನುವ ಬಲಗಡೆಗೂ ಬೀಳಲಿಲ್ಲ, ಅಲ್ಲ ಅನ್ನುವ ಎಡಗಡೆಗೂ ಬೀಳಲಿಲ್ಲ. ಒಂದು ಗಂಟೆ ಕೂತಿದ್ದೆ. "ಅಮ್ಮ ಇವತ್ತು ಮಾತಾಡ್ತಿಲ್ಲ ಕಣವ್ವ, ಇನ್ನೊಂದಿನ ಬಾ" ಅಂದರು ಪೂಜಾರಪ್ಪ. ಗುಡಿಯಿಂದ ಮನೆಗೆ ಬರುವಷ್ಟರಲ್ಲಿ ನನಗೆ ಖಾತ್ರಿಯಾಗಿಹೋಗಿತ್ತು. ಅಮ್ಮ ಮಾತಾಡದಿದ್ದ ಮೇಲೆ ತಪ್ಪು ನನ್ನದೇ.

ಆಸ್ಪತ್ರೆಯ ಸುದ್ದಿ ಕೇಳಲು ದಿನಾ ಕಂಟ್ರಾಕ್ಟರ್‌ಗೆ ಫೋನ್ ಮಾಡುತ್ತಿದ್ದೆ. "ಹಂಗೇ ಇದ್ದಾನೆ, ಕಣ್ಣು ಬಿಟ್ಟಿಲ್ಲ" ಅನ್ನುತ್ತಿದ್ದರು. ಹನ್ನೊಂದನೇ ದಿನ ಅವರೇ ಫೋನ್ ಮಾಡಿ, "ಭವನದವರು ಕೇಸ್ ಕೊಡ್ತೀವಿ ಅಂತಿದ್ದಾರೆ. ಮೇನ್ ಆಫ್ ಮಾಡೋದು ಮರ್ತಿದ್ದೆ ಅಂತ ಒಂದು ಪತ್ರಕ್ಕೆ ನೀನು ಸಹಿ ಹಾಕಿದ್ರೆ ಇಲ್ಲಿಗೇ ಮುಗಿಸಬಹುದು. ಮಂಗಳವಾರ ಬಾ" ಅಂದರು. ಕೆಟ್ಟ ಮನುಷ್ಯರೇನಲ್ಲ ಅವರು, ಹೆದರಿದ್ದರು. ಹಾಗೆ ಸಹಿ ಹಾಕಿದರೆ ನನ್ನ ಅಪ್ರೆಂಟಿಸ್ ಅಲ್ಲಿಗೆ ಮುಗಿಯುತ್ತದೆ, ಇನ್ಯಾರೂ ಈ ಕೆಲಸಕ್ಕೆ ನನ್ನನ್ನು ಸೇರಿಸುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಪ್ಪನಿಗೆ ಹೇಳಿದೆ. ಅವರು ಕುರಿ ರೊಪ್ಪದ ಬಾಗಿಲು ಕಟ್ಟುತ್ತಿದ್ದರು. ಬೆನ್ನು ತಿರುಗಿಸಿಕೊಂಡೇ, "ನೀನು ಮಾಡಿದ್ರೆ ಸಹಿ ಹಾಕು. ಮಾಡ್ದೆ ಇದ್ರೆ ಹಾಕ್ಬೇಡ. ನಂಗೆ ಅಷ್ಟೇ ಗೊತ್ತಿರೋದು" ಅಂದರು.

"ನಂಗೇ ಗೊತ್ತಿಲ್ಲ ಕಣಪ್ಪ."

ಅಪ್ಪ ಹಗ್ಗ ಬಿಟ್ಟು ನನ್ನ ಕಡೆ ತಿರುಗಿದರು.

ಮಂಗಳವಾರ ಬೆಳಗ್ಗೆ ಸಹಿ ಹಾಕುವುದು ಅಂತ ತೀರ್ಮಾನ ಮಾಡಿಕೊಂಡೇ ಎದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೋಡಿ ಕಡೆ ನಡೆದೆ. ಗುಡಿ ಬಾಗಿಲು ತೆರೆದಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತೆ. ಆ ಹನ್ನೆರಡು ದಿನ ನಾನು ಬೇಡಿಕೊಂಡದ್ದೆಲ್ಲ ನನ್ನ ಸಲುವಾಗಿ ಅಂತ ಆಗ ಹೊಳೆಯಿತು. ನನ್ನ ಹೆಸರು, ನನ್ನ ಕೆಲಸ, ನನ್ನ ತಪ್ಪಲ್ಲ ಅನ್ನುವುದು. ಆ ಮನುಷ್ಯ ಅಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದಾರೆ, ಅವರ ಹೆಸರನ್ನು ನಾನು ಒಂದು ಸಲವೂ ಸರಿಯಾಗಿ ಅಮ್ಮನ ಮುಂದೆ ಎತ್ತಿರಲಿಲ್ಲ. ಮುಚ್ಚಿದ ಬಾಗಿಲಿಗೆ ತಲೆ ಇಟ್ಟೆ. "ಅಮ್ಮ, ತಪ್ಪು ನಂದೇ ಆಗಿರ್ಲಿ. ನಾನು ಹೊತ್ಕೋತೀನಿ. ಅವರು ಬದುಕ್ಲಿ. ಮಹಬೂಬಣ್ಣ ಬದುಕ್ಲಿ." ಅಷ್ಟು ಹೇಳಿ ಅತ್ತೆ. ಅವರು ಬಿದ್ದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಬಸ್ಸು ಕಡೂರಿನ ರೈಲ್ವೆ ಗೇಟಿನ ಹತ್ತಿರ ನಿಂತಿತ್ತು. ಫೋನ್ ಬಂತು. ಶಮೀಮಕ್ಕನ ನಂಬರು. ಎತ್ತುವುದಕ್ಕೆ ಧೈರ್ಯ ಬರಲಿಲ್ಲ. ಸುದ್ದಿ ಇನ್ನೇನಿರಲು ಸಾಧ್ಯ ಅಂದುಕೊಂಡೆ. ಎರಡನೇ ಸಲ ರಿಂಗ್ ಆದಾಗ ಎತ್ತಿದೆ.

"ಎಲ್ಲಿದ್ದೀಯ?" ಅಂದರು. "ನಿನ್ನೆ ಸಂಜೆ ಕಣ್ಣು ಬಿಟ್ರು. ಬೆಳಗ್ಗೆಯಿಂದ ಹುಡುಗಿ ಎಲ್ಲಿ, ಹುಡುಗಿ ಎಲ್ಲಿ ಅಂತ ಒಂದೇ ಸಮ ಕೇಳ್ತಾ ಇದ್ದಾರೆ. ಬಾ."

ನಾನು ಕಂಟ್ರಾಕ್ಟರ್ ಆಫೀಸಿಗೆ ಹೋಗಲೇ ಇಲ್ಲ. ಸ್ಟ್ಯಾಂಡಿನಲ್ಲಿ ಹೊರಟು ನಿಂತಿದ್ದ ಶಿವಮೊಗ್ಗ ಬಸ್ಸಿಗೆ ಓಡಿ ಹತ್ತಿದೆ. ಸೀಟು ಸಿಗಲಿಲ್ಲ. ತರೀಕೆರೆ, ಭದ್ರಾವತಿ ಎಲ್ಲ ದಾಟಿ ಇಳಿಯುವ ತನಕ ಕಂಬಿ ಹಿಡಿದು ನಿಂತೇ ಹೋದೆ. ಅವರು ಎದ್ದಿದ್ದಾರೆ, ನಡೆದದ್ದನ್ನು ಅವರೇ ಹೇಳುತ್ತಾರೆ ಅನ್ನುವ ಒಂದು ಆಸೆ. ಏನು ಹೇಳುತ್ತಾರೋ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದು.

ಮಹಬೂಬಣ್ಣನ ತಲೆಗೆ ಪಟ್ಟಿ ಕಟ್ಟಿದ್ದರು. ಬಲಗೈ ಪೂರ್ತಿ ಬ್ಯಾಂಡೇಜು. ಮುಖ ಅರ್ಧಕ್ಕರ್ಧ ಇಳಿದುಹೋಗಿತ್ತು. ನನ್ನನ್ನು ನೋಡಿ, "ನಿಂಗೇನೂ ಆಗ್ಲಿಲ್ವಲ್ಲ?" ಅಂದರು. ಅದಕ್ಕೇ ಹುಡುಕುತ್ತಿದ್ದರಂತೆ. ಏಣಿ ನನ್ನ ಮೇಲೇ ಬಿತ್ತೇನೋ, ಮನೆಯವರು ತಮ್ಮಿಂದ ಮುಚ್ಚಿಡುತ್ತಿದ್ದಾರೇನೋ ಅಂತ ಅವರಿಗೆ ದಿಗಿಲು.

ನಾನು ಕೈ ಮುಗಿದು, "ಅಣ್ಣ, ಆವತ್ತು ನಾನು ಮೇನ್ ಆಫ್ ಮಾಡಿದ್ನಾ?" ಅಂತ ಕೇಳಿಯೇಬಿಟ್ಟೆ.

"ಟೀ ಕುಡಿದಿದ್ದು ನೆನಪದೆ. ಆಮೇಲೆ ಏನೂ ಇಲ್ಲ ಕಣವ್ವ."

ನೋಡಿದ್ದ ಒಬ್ಬರೇ ಒಬ್ಬರಿಗೂ ನೆನಪಿಲ್ಲ. ಇನ್ನು ಯಾರನ್ನು ಕೇಳುವುದು?

ಆದರೆ ಅವರು ನನ್ನನ್ನೇ ನೋಡುತ್ತಿದ್ದರು. "ನೀನೇನು ಹೇಳ್ತೀಯ?"

"ಆಫ್ ಅಣ್ಣ ಅಂತ ಕೂಗಿದ್ದು ನೆನಪದೆ. ಆದ್ರೆ ಎಲ್ರೂ..."

"ಎಲ್ರುದ್ದು ಬಿಡು. ನೀನು ಆಫ್ ಅಂತ ಕೂಗಿದ್ರೆ ಆಫ್ ಆಗಿತ್ತು. ಎಂಟು ತಿಂಗಳಲ್ಲಿ ಒಂದಿನಾನೂ ನೀನು ಮಾಡ್ದೆ ಕೂಗಿಲ್ಲ." ಟೆಸ್ಟರನ್ನು ಬಿಟ್ಟು ಯಾರನ್ನೂ ನಂಬಬೇಡ ಅಂತ ನನಗೆ ಕಲಿಸಿದ ಮನುಷ್ಯ ಈ ಮಾತು ಹೇಳಿದರು. ಶಮೀಮಕ್ಕ ಮಂಚದ ಆ ಕಡೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಹಬೂಬಣ್ಣ ಉಸಿರು ತೆಗೆದುಕೊಂಡು ಮತ್ತೆ ಕೇಳಿದರು. "ನಾನು ಯಾವ ವೈರ್ ಹಿಡಿದಿದ್ದೆ?"

"ಕಪ್ಪು. ಗಂಟು ಬಿಚ್ತಾ ಇದ್ರಿ."

"ಕಪ್ಪಾ?" ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದುಕೊಂಡೆ. "ಆ ಆಫೀಸ್ ರೂಮಲ್ಲಿ ಯುಪಿಎಸ್ ಇತ್ತಲ್ಲ. ಅದು ಆಫೀಸಿಗೆ ಮಾತ್ರ ಅಂದಿದ್ರು. ಹಿಂದೆ ಯಾರೋ ಅದರದ್ದೊಂದು ಲೈಟಿಗೆ ನ್ಯೂಟ್ರಲ್ಲು, ಕರೆಂಟ್ ವಾಪಸ್ ಹೋಗೋ ಕಪ್ಪು ವೈರು, ಈ ಫ್ಯಾನಿಂದ ತಗೊಂಡಿರ್ಬೇಕು. ಹಂಗಿದ್ರೆ ಮೇನ್ ತೆಗೆದ್ರೂ, ಗಂಟು ಬಿಚ್ಚಿದ ತಕ್ಷಣ ಕಪ್ಪು ವೈರಲ್ಲಿ ಯುಪಿಎಸ್ ಬ್ಯಾಟರಿಯ ಕರೆಂಟ್ ಬತ್ತದೆ. ಬಿಚ್ಚೋ ತನಕ ಟೆಸ್ಟರ್‌ಗೂ ಗೊತ್ತಾಗಲ್ಲ. ಹೋಗಿ ನೋಡು. ಗ್ಲೌಸ್ ಹಾಕ್ಕೋ. ನೀನೇ ಹತ್ತು."

ಫೋನ್ ಮಾಡಿ ಹೇಳಿದಾಗ ಕಂಟ್ರಾಕ್ಟರ್ ಒಪ್ಪಿದರು. ಗುರುವಾರ ಅಜ್ಜಂಪುರಕ್ಕೆ ಹೋದೆವು. ಭವನದ ಕಾರ್ಯದರ್ಶಿಯೂ ಬಂದು ಕುರ್ಚಿ ಹಾಕಿಕೊಂಡು ಕೂತರು. ಆ ಫ್ಯಾನಿನ ಜಾಗ ಹಾಗೇ ಇತ್ತು. ಬಿಚ್ಚಿದ್ದ ತುದಿಗಳನ್ನು ಯಾರೋ ಮತ್ತೆ ಸೇರಿಸಿ ಟೇಪು ಸುತ್ತಿದ್ದರು. ಮೇನನ್ನು ಕಂಟ್ರಾಕ್ಟರೇ ಆಫ್ ಮಾಡಿ ಅದರ ಮುಂದೆಯೇ ನಿಂತರು. ನಾನು ಗ್ಲೌಸ್ ಹಾಕಿಕೊಂಡು ಏಣಿಗೆ ಕಾಲಿಟ್ಟೆ. ಒಂದೊಂದು ಮೆಟ್ಟಿಲಿಗೂ "ಕೋಡಿಯಮ್ಮ, ಕೋಡಿಯಮ್ಮ" ಅನ್ನುತ್ತಾ ಹತ್ತಿದೆ.

ಟೆಸ್ಟರಿನ ತಲೆಗೆ ಬೆರಳು ತಾಗಲಿ ಅಂತ ಬಲಗೈ ಗ್ಲೌಸ್ ತೆಗೆದು ಟೆಸ್ಟರ್ ಇಟ್ಟೆ. ಇಲ್ಲ. ಗಂಟಿನ ಟೇಪು ತೆಗೆದು ಕಟಿಂಗ್ ಪ್ಲೇಯರಿನಿಂದ ಕಪ್ಪು ವೈರಿನ ಎರಡು ತುದಿ ಬೇರೆ ಮಾಡಿದೆ. ಮತ್ತೆ ಟೆಸ್ಟರ್ ಇಟ್ಟೆ. ಎರಡೂ ತುದಿ ಸತ್ತಂತೆ ಇದ್ದವು. ಇನ್ನೊಮ್ಮೆ ಇಟ್ಟೆ. ಇಲ್ಲ.

"ಏನಮ್ಮ?" ಅಂದರು ಕಂಟ್ರಾಕ್ಟರ್.

"ಬರ್ತಾ ಇಲ್ಲ ಸಾರ್."

ಕಾರ್ಯದರ್ಶಿ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು. "ಸಾಕು ಇಳಿಯಮ್ಮ. ಇನ್ನೇನು ನೋಡೋದು?" ಅಂದರು. ನನಗೆ ಇಳಿಯಲಿಕ್ಕೂ ಆಗಲಿಲ್ಲ. ಟೆಸ್ಟರನ್ನು ವೈರಿನ ತುದಿಗೆ ಒತ್ತಿ ಹಿಡಿದುಕೊಂಡೇ ಕಣ್ಣು ಮುಚ್ಚಿದೆ. ಬೇಡುವುದಕ್ಕೂ ಮಾತು ಉಳಿದಿರಲಿಲ್ಲ. "ನೀನೇ" ಅಂದೆ. ಅಷ್ಟೇ.

ಕೆಳಗೆ ಕಸ ಗುಡಿಸುವ ಗೌರಜ್ಜಿ ಬಂದಿದ್ದಳು. ನಾವೆಲ್ಲ ಏನು ಮಾಡುತ್ತಿದ್ದೇವೆ ಅಂತ ಅವಳಿಗೆ ಗೊತ್ತಿಲ್ಲ. "ನಿಮ್ದು ಮುಗೀತೇನ್ರಪ್ಪ, ಇಲ್ಲೆಲ್ಲಾ ಧೂಳು" ಅಂತ ಗೊಣಗಿಕೊಂಡು ಪೊರಕೆ ತರಲು ವೇದಿಕೆಯ ಹಿಂದಿನ ಪಾತ್ರೆ ಕೋಣೆಗೆ ಹೋದಳು. ಆ ಕೋಣೆಗೆ ಕಿಟಕಿ ಇಲ್ಲ. ಒಳಗೆ ಟಕ್ ಅಂತ ಸ್ವಿಚ್ ಹಾಕಿದ ಸದ್ದಾಯಿತು.

ಕಣ್ಣು ಬಿಟ್ಟೆ. ನನ್ನ ಕೈಯಲ್ಲಿ ಟೆಸ್ಟರ್ ಉರಿಯುತ್ತಿತ್ತು.

"ಸಾರ್!" ಅಂತ ಕಿರುಚಿದೆ. ಕಂಟ್ರಾಕ್ಟರ್ ಓಡಿ ಬಂದು ಕೆಳಗಿನಿಂದ ನೋಡಿದರು. ತಿರುಗಿ ಮೇನ್ ನೋಡಿದರು. ಆಫ್ ಇತ್ತು. "ಅಜ್ಜೀ, ಆ ಸ್ವಿಚ್ ಆರ್ಸಿ!" ಅಂತ ಕೂಗಿದರು. ಅಜ್ಜಿ ಆರಿಸಿದಳು. ಟೆಸ್ಟರ್ ಆರಿತು. "ಹಾಕಿ!" ಉರಿಯಿತು. ಆ ಕೋಣೆಯ ದೀಪ ಯುಪಿಎಸ್‌ದು. ಅದರ ಸ್ವಿಚ್ ಹಾಕಿದ್ದರೆ ಮಾತ್ರ ಬಿಚ್ಚಿದ ಕಪ್ಪು ವೈರಿಗೆ ಜೀವ ಬರುತ್ತಿತ್ತು. ಆ ಗುರುವಾರ ಬೆಳಗ್ಗೆಯೂ ಪಾತ್ರೆ ತೊಳೆದಿಡಲು ದೀಪ ಹಾಕಿ ಹಾಗೇ ಬಿಟ್ಟಿದ್ದೆ ಅಂತ ಅಜ್ಜಿ ಹೇಳಿದಳು. ಆವತ್ತು ಮೇನ್ ತೆಗೀರೋ ಅಂತ ಕೂಗಿದಾಗ ಗಾಬರಿಯಲ್ಲಿ ಯಾರೋ ಅದರ ಹಿಡಿ ಎಳೆದಿರಬೇಕು, ಆಫ್ ಇದ್ದದ್ದು ಆನ್ ಆಗಿತ್ತು. ಯಾರು ಅಂತ ನಾನು ಕೇಳಲು ಹೋಗಲಿಲ್ಲ.

ಏಣಿ ಇಳಿದ ಮೇಲೆ ಕಂಟ್ರಾಕ್ಟರ್ ಜೇಬಿನಿಂದ ಆ ಪತ್ರ ತೆಗೆದು ನಾಲ್ಕು ಚೂರು ಮಾಡಿದರು. "ಅಜ್ಜಿ ಆ ಹೊತ್ತಿಗೆ ಬಂದಿದ್ದು ನಿನ್ನ ಪುಣ್ಯ ಕಣಮ್ಮ" ಅಂದರು. ಅವರು ಅದನ್ನು ಪುಣ್ಯ ಅನ್ನಲಿ, ಆಕಸ್ಮಿಕ ಅನ್ನಲಿ. ಆ ಅಜ್ಜಿ ಐದು ನಿಮಿಷ ತಡವಾಗಿ ಬಂದಿದ್ದರೆ ನಾನು ಇಳಿದಿರುತ್ತಿದ್ದೆ, ಸಹಿ ಹಾಕಿರುತ್ತಿದ್ದೆ, ಸಾಯುವ ತನಕ ನಾನೇ ಮಾಡಿದೆ ಅಂತ ನಂಬಿರುತ್ತಿದ್ದೆ. ಅವಳನ್ನು ಕಳಿಸಿದವಳು ಯಾರು ಅಂತ ನನಗೆ ಗೊತ್ತು.

ಆ ಸಂಜೆಯೇ ಶಿವಮೊಗ್ಗಕ್ಕೆ ಹೋಗಿ ಹೇಳಿದೆ. ಮಹಬೂಬಣ್ಣ ಸುಮ್ಮನೆ ತಲೆಯಾಡಿಸಿದರು. ಶಮೀಮಕ್ಕ ಮಾತ್ರ ಎದ್ದು ಬಂದು ನನ್ನ ಎರಡೂ ಕೈ ಹಿಡಿದು, "ನಾನು ಆಡಿದ ಮಾತು ಮನ್ಸಲ್ಲಿ ಇಟ್ಕೋಬೇಡ ಬೇಟಾ" ಅಂದರು. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಏನೂ ಉಳಿದಿರಲಿಲ್ಲ.

ಅಮ್ಮ ಕೇಳಿದ್ದನ್ನೆಲ್ಲ ಕೊಟ್ಟಳು ಅಂತ ಬರೆದರೆ ಸುಳ್ಳಾಗುತ್ತದೆ. ಮಹಬೂಬಣ್ಣನ ಬಲಗೈಯ ಎರಡು ಬೆರಳಿಗೆ ಹಿಡಿತ ಬಂದಿಲ್ಲ. ಏಣಿ ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಈಗ ನಾನು ಹತ್ತುತ್ತೇನೆ, ಅವರು ಕೆಳಗೆ ಸ್ಟೂಲಿನ ಮೇಲೆ ಕೂತು ಹೇಳುತ್ತಾರೆ. ಒಮ್ಮೊಮ್ಮೆ ಪ್ಲೇಯರ್ ಕೊಡಲು ಬಲಗೈ ಚಾಚಿ, ಆಗದೆ, ಎಡಗೈಗೆ ಬದಲಾಯಿಸುತ್ತಾರೆ. ಆಗ ನಾನು ಬೇರೆ ಕಡೆ ನೋಡುತ್ತೇನೆ. ಅಮ್ಮ ಯಾಕೆ ಅಷ್ಟನ್ನು ಉಳಿಸಿಕೊಂಡಳು ಅಂತ ನನಗೆ ತಿಳಿಯದು. ಅವರು ಬದುಕಲಿ ಅಂದಿದ್ದೆ, ಬದುಕಿದ್ದಾರೆ. ತಪ್ಪು ನನ್ನದೇ ಆಗಿರಲಿ ಅಂದಿದ್ದೆ, ಅದನ್ನು ಅವಳು ತೆಗೆದುಕೊಳ್ಳಲಿಲ್ಲ. ಹೂವು ಕೊಡದೆ ಸುಮ್ಮನಿದ್ದ ದಿನವೂ ಅವಳು ಬಿಟ್ಟುಹೋಗಿರಲಿಲ್ಲ ಅಂತ ಈಗ ನನಗೆ ಗಟ್ಟಿಯಾಗಿ ಗೊತ್ತು.

ಇದನ್ನು ಓದುವವರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಗೆ ಕರೆಂಟ್ ಕೆಲಸದವರು ಬಂದಾಗ ಯುಪಿಎಸ್ ಇದ್ದರೆ ಮೊದಲೇ ಹೇಳಿ, ನೀವೇ ಅದನ್ನೂ ಆರಿಸಿ ಕೊಡಿ. ಏಣಿ ಹತ್ತುವವರಿಗೂ ಮನೆಯಲ್ಲಿ ಕಾಯುವವರು ಇರುತ್ತಾರೆ.

ಹೋದ ಶುಕ್ರವಾರ ಊರಿಗೆ ಹೊರಟಾಗ ಶಮೀಮಕ್ಕ ಒಂದು ಡಜನ್ ಹಸಿರು ಬಳೆ ಕಾಗದದಲ್ಲಿ ಸುತ್ತಿ ಕೊಟ್ಟರು. "ನಿಮ್ಮ ಕೋಡಿಯಮ್ಮಂಗೆ ಇಡ್ಸು" ಅಂದರು. "ಐಸಿಯು ಮುಂದೆ ಕೂತಿದ್ದಾಗ ನಾನು ಯಾರ್ನೂ ಕೇಳ್ದೆ ಬಿಡ್ಲಿಲ್ಲ ಬೇಟಾ. ನೀನು ಯಾವಾಗ್ಲೂ ಹೇಳೋ ಆ ಹೆಸ್ರೂ ಕರೆದಿದ್ದೆ." ಪೂಜಾರಪ್ಪ ಬಳೆಗಳನ್ನು ಅಮ್ಮನ ಪಾದದ ಹತ್ತಿರ ಇಟ್ಟು, ಯಾರ ಹೆಸರಲ್ಲಿ ಅರ್ಚನೆ ಅಂತ ಕೇಳಿದರು. ಮಹಬೂಬಣ್ಣನದು, ಶಮೀಮಕ್ಕನದು, ಎರಡು ಹೆಸರು ಹೇಳಿದೆ. ಅವರು ಎರಡನ್ನೂ ಜೋರಾಗಿ ಹೇಳಿ ಮಂಗಳಾರತಿ ಎತ್ತಿದರು.